ಇಪನೇಮಾದ ಹುಡುಗಿ: ಶ್ರುತಿ ಎಲ್ಲಿ ತಪ್ಪುತ್ತದೆ, ಯಾಕೆ ತಪ್ಪುತ್ತದೆ

ಪ್ರಶ್ನೆ: ನಾನು ಎಂಟು ವರ್ಷ ಕರ್ನಾಟಕ ಸಂಗೀತ ಕಲಿತವಳು. ಈಚೆಗೆ ಗಿಟಾರ್ ಹಿಡಿದು ‘ಗರ್ಲ್ ಫ್ರಮ್ ಇಪನೇಮಾ’ ಹಾಡಲು ಕಲಿಯುತ್ತಿದ್ದೇನೆ. ಮೊದಲ ಸಾಲುಗಳು ಸಲೀಸಾಗಿ ಬರುತ್ತವೆ. ನಡುವಿನ ಭಾಗಕ್ಕೆ ಬಂದ ಕೂಡಲೇ ಶ್ರುತಿ ಬಿಡುತ್ತದೆ. ಇಷ್ಟು ಸರಳವಾಗಿ ಕೇಳಿಸುವ ಹಾಡಿನಲ್ಲಿ ಹೀಗೇಕೆ? ಕಡಲತೀರದ ಬಾರಿನಲ್ಲಿ ಕೂತು, ಹಾದುಹೋದ ಹುಡುಗಿಯನ್ನು ನೋಡಿ ಅಲ್ಲೇ ಬರೆದ ಹಾಡು ಎನ್ನುವುದು ನಿಜವೇ? ಅರವತ್ತು ವರ್ಷ ಕಳೆದರೂ ಇದು ಹಳತಾಗದಿರಲು ಏನು ಕಾರಣ?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೂ ಕೊನೆಯ ಪ್ರಶ್ನೆಗೂ ಉತ್ತರ ಒಂದೇ. ಈ ಹಾಡಿನ ಧಾಟಿ ಹೆಚ್ಚು ಕದಲುವುದಿಲ್ಲ, ಅದರ ಕೆಳಗಿನ ನೆಲ ಕದಲುತ್ತದೆ. ಕೇಳುವವರಿಗೆ ಅದು ಸುಖ ಕೊಡುತ್ತದೆ. ಒಂದೇ ಷಡ್ಜವನ್ನು ನಂಬಿ ಹಾಡಲು ಕಲಿತವರಿಗೆ ಅದೇ ಜಾಗದಲ್ಲಿ ಕಾಲು ಜಾರುತ್ತದೆ. ಬಾರಿನ ಕತೆ ಚಿಕ್ಕದು, ಅದನ್ನು ಮೊದಲು ಮುಗಿಸೋಣ.

ರಿಯೊ ಡಿ ಜನೈರೊದ ಇಪನೇಮಾದಲ್ಲಿ ಮೊಂಟೆನೆಗ್ರೊ ರಸ್ತೆಯ ಮೂಲೆಗೆ ‘ವೆಲೋಸೊ’ ಎಂಬ ಬಾರ್ ಇತ್ತು. ಸಂಗೀತ ಕಟ್ಟಿದ ಆಂತೋನಿಯೊ ಕಾರ್ಲೋಸ್ ಜೋಬಿಂ (ಬ್ರೆಜಿಲ್‌ನವರ ಬಾಯಲ್ಲಿ ಟಾಮ್) ಮತ್ತು ಸಾಹಿತ್ಯ ಬರೆದ ಕವಿ ವಿನೀಸಿಯಸ್ ಜಿ ಮೊರಾಯಿಸ್ ಅಲ್ಲಿ ಕೂರುತ್ತಿದ್ದದ್ದು ನಿಜ. ಅದೇ ರಸ್ತೆಯಲ್ಲಿ ಮನೆಯಿದ್ದ, ಆಗ ಹದಿನೇಳರ ಎಲೊಯಿಸಾ ಆ ಬಾರಿನ ಮುಂದೆ ಹಾದುಹೋಗುತ್ತಿದ್ದದ್ದೂ ನಿಜ. ಹಾಡು ಹುಟ್ಟಿದ್ದು ಮಾತ್ರ ಅಲ್ಲಲ್ಲ. ಜೋಬಿಂ ಧಾಟಿಯನ್ನು ತಮ್ಮ ಮನೆಯ ಪಿಯಾನೊದ ಮೇಲೆ ಕಟ್ಟಿದರು, ವಿನೀಸಿಯಸ್ ಸಾಹಿತ್ಯವನ್ನು ರಿಯೊದ ಮೇಲಿನ ಗುಡ್ಡದೂರು ಪೆತ್ರೋಪೊಲಿಸ್‌ನಲ್ಲಿ ಬರೆದರು. ಅದೂ ಒಂದೇ ಏಟಿಗೆ ಬಂದದ್ದಲ್ಲ. ‘ದಿರಿಜೀವೆಲ್’ ಎಂಬ ಸಂಗೀತ ನಾಟಕಕ್ಕೆಂದು ಹೊರಟ ಹಾಡು ಅದು. ಮೊದಲ ಕರಡಿನ ಹೆಸರು ‘ಹಾದುಹೋಗುವ ಹುಡುಗಿ’. ಆ ಕರಡು ಎಲ್ಲದರಿಂದ ದಣಿದು ಬಂದ ಗಂಡಸಿನ ಮಾತಿನಿಂದ ಶುರುವಾಗುತ್ತಿತ್ತು. ಅದು ಇಬ್ಬರಿಗೂ ಹಿಡಿಸಲಿಲ್ಲ. ಹೊಸ ಸಾಹಿತ್ಯದ ಮೊದಲ ಪದ ‘ನೋಡು’. ಗಂಡಸಿನ ದಣಿವು ಮೊದಲ ಸಾಲಿನಿಂದ ಎದ್ದು ನಡುವಿನ ಭಾಗಕ್ಕೆ ಹೋಗಿ ಕೂತಿತು. ನನ್ನ ಪ್ರಕಾರ ಹಾಡು ಉಳಿದದ್ದೇ ಈ ಒಂದು ಬದಲಾವಣೆಯಿಂದ.

ಇಂದು ಆ ಬಾರಿಗೆ ಹಾಡಿನದೇ ಹೆಸರು, ಆ ರಸ್ತೆಗೆ ವಿನೀಸಿಯಸ್ ಅವರ ಹೆಸರು. ಪ್ರವಾಸಿಗರು ಕತೆಯನ್ನು ನಂಬುವುದರಲ್ಲಿ ಆಶ್ಚರ್ಯವಿಲ್ಲ.

ಜನರ ಮುಂದೆ ಹಾಡು ಮೊದಲು ಬಂದದ್ದು 1962ರ ಆಗಸ್ಟ್‌ನಲ್ಲಿ, ಕೋಪಕಬಾನಾದ ‘ಓ ಬೋಂ ಗುರ್ಮೆ’ ಎಂಬ ಚಿಕ್ಕ ನೈಟ್‌ಕ್ಲಬ್ಬಿನಲ್ಲಿ. ಜೋಬಿಂ, ವಿನೀಸಿಯಸ್, ಗಿಟಾರ್ ನುಡಿಸುತ್ತ ಹಾಡುವ ಜುವಾವ್ ಜಿಲ್ಬೆರ್ಟೊ ಮೂವರೂ ಒಂದೇ ವೇದಿಕೆ ಮೇಲಿದ್ದರು, ಜೊತೆಗೆ ‘ಓಸ್ ಕರಿಯೋಕಾಸ್’ ಗಾಯಕ ತಂಡ. ಆ ಹೊತ್ತಿಗೆ ಬೊಸ್ಸಾ ನೋವಾ, ಅಂದರೆ ‘ಹೊಸ ಬಗೆ’, ನಾಲ್ಕು ವರ್ಷದ ಕೂಸು. 1958ರಲ್ಲಿ ಜುವಾವ್ ಹಾಡಿದ ‘ಶೇಗಾ ಜಿ ಸೌದಾಜಿ’ಯಿಂದ ಅದರ ಲೆಕ್ಕ ಹಿಡಿಯುವುದು ರೂಢಿ. ಬ್ರೆಜಿಲ್‌ನ ಕುಣಿತದ ಸಂಗೀತವಾದ ಸಾಂಬಾದ ಇಡೀ ತಾಳವಾದ್ಯ ಮೇಳವನ್ನು ಜುವಾವ್ ಒಂದು ನೈಲಾನ್ ತಂತಿಯ ಗಿಟಾರಿಗೆ ಇಳಿಸಿದ್ದರು, ಕೊರಳನ್ನು ಮೈಕಿನ ಹತ್ತಿರ ಮಾತಾಡುವಷ್ಟು ಮೆಲ್ಲಗೆ ತಂದಿದ್ದರು.

ಜಗತ್ತು ಕೇಳಿದ ಧ್ವನಿಮುದ್ರಣ ನಡೆದದ್ದು ನ್ಯೂಯಾರ್ಕಿನ ಎ ಅಂಡ್ ಆರ್ ಸ್ಟುಡಿಯೋದಲ್ಲಿ, 1963ರ ಮಾರ್ಚ್ 18 ಮತ್ತು 19ರಂದು. ಟೆನರ್ ಸ್ಯಾಕ್ಸೊಫೋನ್ ಸ್ಟ್ಯಾನ್ ಗೆಟ್ಜ್, ಗಿಟಾರ್ ಮತ್ತು ಪೋರ್ಚುಗೀಸ್ ಗಾಯನ ಜುವಾವ್, ಪಿಯಾನೊ ಜೋಬಿಂ, ಡ್ರಮ್ಸ್ ಮಿಲ್ಟನ್ ಬನಾನಾ. ನಾರ್ಮನ್ ಗಿಂಬೆಲ್ ಬರೆದ ಇಂಗ್ಲಿಷ್ ಸಾಹಿತ್ಯ ಹಾಡಲು ಒಬ್ಬರು ಬೇಕಿತ್ತು. ಜುವಾವ್ ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಪತ್ನಿ ಆಸ್ಟ್ರೂಡ್‌ಗೆ ಬರುತ್ತಿತ್ತು. ಅದಕ್ಕೆ ಮೊದಲು ಆಕೆ ವೃತ್ತಿಗಾಯಕಿಯಾಗಿ ರೆಕಾರ್ಡ್ ಮಾಡಿದವರಲ್ಲ. ‘ಗೆಟ್ಜ್/ಜಿಲ್ಬೆರ್ಟೊ’ ಆಲ್ಬಂ ಒಂದು ವರ್ಷ ಕಾದು 1964ರ ಮಾರ್ಚ್‌ನಲ್ಲಿ ಹೊರಬಂತು. ಐದು ನಿಮಿಷ ದಾಟುವ ಹಾಡಿನಿಂದ ಜುವಾವ್ ಅವರ ಪೋರ್ಚುಗೀಸ್ ಭಾಗವನ್ನು ಪೂರ್ತಿ ಕತ್ತರಿಸಿ, ಮೂರು ನಿಮಿಷಕ್ಕಿಂತ ಚಿಕ್ಕದಾದ ಸಿಂಗಲ್ ಮಾಡಿದರು. ಅದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 5ನೆಯ ಸ್ಥಾನಕ್ಕೇರಿತು. 1965ರಲ್ಲಿ ಹಾಡಿಗೆ ವರ್ಷದ ರೆಕಾರ್ಡ್, ಆಲ್ಬಂಗೆ ವರ್ಷದ ಆಲ್ಬಂ ಎಂದು ಗ್ರ್ಯಾಮಿ ಬಂತು. ಆಸ್ಟ್ರೂಡ್ ಹೆಸರು ಮೂಲ ಆಲ್ಬಂನ ಮುಖಪುಟದಲ್ಲಿ ಇರಲೇ ಇಲ್ಲ. ಜನ ಗುರುತಿಟ್ಟುಕೊಂಡ ಕೊರಳು ಮಾತ್ರ ಅವರದೇ.

ಕಲಿಯುವವರು ಆಲ್ಬಂನ ಉದ್ದ ರೂಪವನ್ನೇ ಕೇಳಬೇಕು. ಸಿಂಗಲ್‌ನಲ್ಲಿ ಕತ್ತರಿಸಿ ಹೋದದ್ದು ನಿಮಗೆ ಬೇಕಾದ ಪಾಠವೇ.

ಇನ್ನು ನಿಮ್ಮ ಶ್ರುತಿಯ ಕಷ್ಟ. ಹಾಳೆಯಲ್ಲಿ ಬಾರ್ ಎಂದು ಗೆರೆ ಎಳೆದು ತೋರಿಸುವುದನ್ನು ಇಲ್ಲಿ ಆವರ್ತ ಅನ್ನುತ್ತೇನೆ. ಹಾಡು ಒಟ್ಟು 40 ಆವರ್ತ: ಪಲ್ಲವಿಯಂಥ ಭಾಗ 8, ಮತ್ತೆ ಅದೇ 8, ನಡುವಿನ ಭಾಗ 16, ಕೊನೆಗೆ ಮೊದಲಿನದೇ 8. ಪ್ರಚಾರದಲ್ಲಿರುವ ನೊಟೇಶನ್ ಹಾಳೆಗಳು ಎಫ್ ಮೇಜರ್‌ನಲ್ಲಿವೆ. ‘ಗೆಟ್ಜ್/ಜಿಲ್ಬೆರ್ಟೊ’ದಲ್ಲಿ ಹಾಡಿರುವುದು ಡಿ ಫ್ಲ್ಯಾಟ್‌ನಲ್ಲಿ. ರೆಕಾರ್ಡಿನ ಜೊತೆ ಹಾಡುತ್ತ ಹಾಳೆ ನೋಡಿ ನುಡಿಸಿದರೆ ಕೂಡದಿರುವುದು ಇದಕ್ಕೇ. ನಾವು ಎಫ್ ಅನ್ನು ಸ ಎಂದಿಟ್ಟುಕೊಳ್ಳೋಣ.

ಮೊದಲ ಭಾಗದ ಧಾಟಿ ನಿಮಗೆ ಗೊತ್ತಿರುವ ಧೀರಶಂಕರಾಭರಣದ ಸ್ವರಗಳಲ್ಲೇ ಇದೆ. ತಾರಸ್ಥಾಯಿಯ ರಿಯಿಂದ ಶುರು: ರಿ ನಿ ನಿ ದ, ರಿ ನಿ ನಿ ದ. ಇದೇ ಸುತ್ತು ನಾಲ್ಕು ಆವರ್ತ. ಆಮೇಲೆ ಅದೇ ಆಕಾರ ಒಂದು ಮೆಟ್ಟಿಲು ಇಳಿದು ಸ ದ ದ ಪ, ಇನ್ನೊಂದು ಮೆಟ್ಟಿಲು ಇಳಿದು ನಿ ಪ ಪ ಮ, ಕೊನೆಗೆ ಪ ಮೇಲೆ ನಿಲ್ಲುತ್ತದೆ. ಎಲ್ಲೂ ಸ ಮೇಲೆ ವಿಶ್ರಾಂತಿಯಿಲ್ಲ. ನಡುವೆ ಒಂದು ಸ ಬರುತ್ತದಾದರೂ ಆ ಹೊತ್ತಿಗೆ ನೆಲ ಬೇರೆಯಾಗಿರುತ್ತದೆ.

ನೆಲ ಅಂದರೆ ಕೊರಳಿನ ಕೆಳಗೆ ಗಿಟಾರ್ ನುಡಿಸುವ ಕಾರ್ಡ್, ಒಟ್ಟಿಗೆ ಮೊಳಗುವ ಸ್ವರಗಳ ಗುಂಪು. ಅದು ಹೇಗೆ ಬೇರೆಯಾಗುತ್ತದೆ ನೋಡಿ. ಮೊದಲ ಎರಡು ಆವರ್ತ ಎಫ್ ಮೇಜರ್ 7, ಮುಂದಿನ ಎರಡು ಜಿ 7, ಆಮೇಲೆ ಒಂದೊಂದು ಆವರ್ತ ಜಿ ಮೈನರ್ 7, ಜಿ ಫ್ಲ್ಯಾಟ್ 7, ಕೊನೆಯ ಎರಡು ಆವರ್ತ ಎಫ್ ಮೇಜರ್ 7. ಎಫ್ ಮೇಲೆ ರಿ ನಿ ನಿ ದ ಆಗಿದ್ದ ಅದೇ ಸ್ವರಗಳು, ಕೆಳಗೆ ಜಿ ಬಂದ ಕೂಡಲೇ ಜಿಯ ಲೆಕ್ಕದಲ್ಲಿ ಸ ದ ದ ಪ ಆಗುತ್ತವೆ. ಕೊರಳು ಒಂದು ಎಳೆಯಷ್ಟೂ ಬದಲಾಗಿಲ್ಲ, ಆದರೂ ಬಣ್ಣ ಬದಲಾಯಿತು. ಜಿ 7ರೊಳಗೆ ಪ್ರತಿಮಧ್ಯಮವಿದೆ, ಅದು ನಿಮ್ಮ ರಾಗದ್ದಲ್ಲ. ಅದನ್ನು ಗಿಟಾರ್ ಹೇಳುತ್ತದೆ, ನೀವು ಹೇಳುವುದಿಲ್ಲ. ಹುಡುಗಿ ಅದೇ ನಡಿಗೆಯಲ್ಲಿ ನಡೆಯುತ್ತಿದ್ದಾಳೆ, ಬಿಸಿಲು ಮಾತ್ರ ಬೇರೆ ಕಡೆಯಿಂದ ಬೀಳುತ್ತಿದೆ ಅನ್ನಿಸುವುದು ಇಲ್ಲಿ. ಈ ಭಾಗದಲ್ಲಿ ನಿಮಗೆ ಶ್ರುತಿ ತಪ್ಪದಿರಲು ಕಾರಣ ನಿಮ್ಮ ಸ್ವರಗಳೆಲ್ಲ ಒಂದೇ ಮೇಳದೊಳಗೆ ಉಳಿದಿರುವುದು. ಕೆಳಗೆ ಏನಾಗುತ್ತಿದೆ ಎಂದು ಕಿವಿಗೊಡದೆಯೂ ಹಾಡಿಬಿಡಬಹುದು. ತೊಂದರೆಯ ಬೀಜ ಇರುವುದು ಅಲ್ಲೇ.

ನಡುವಿನ ಭಾಗ ಜಿ ಫ್ಲ್ಯಾಟ್ ಮೇಜರ್ 7ರಿಂದ ಶುರುವಾಗುತ್ತದೆ. ಅಂದರೆ ಷಡ್ಜ ಅರ್ಧ ಸ್ವರ ಮೇಲೆದ್ದು ಶುದ್ಧ ರಿಷಭದ ಜಾಗಕ್ಕೆ ಹೋಯಿತು. ಇದನ್ನು ಗ್ರಹಭೇದ ಎಂದುಕೊಳ್ಳಬೇಡಿ. ಗ್ರಹಭೇದದಲ್ಲಿ ಹೊಸ ಸ ಹಳೆಯ ರಾಗದ್ದೇ ಒಂದು ಸ್ವರವಾಗಿರುತ್ತದೆ. ಇಲ್ಲಿ ಅದು ರಾಗದ ಹೊರಗಿನದು. ಆ ಹೊಸ ನೆಲದ ಮೇಲೆ ನೀವು ಹಿಡಿಯಬೇಕಾದ ಮೊದಲ ನೀಳ ಸ್ವರ ಯಾವುದು ಗೊತ್ತೆ? ಎಫ್. ನಿಮ್ಮ ಹಳೆಯ ಸ. ಮೊದಲ ಭಾಗದಲ್ಲಿ ಒಮ್ಮೆಯೂ ವಿಶ್ರಾಂತಿ ಕೊಡದ ಸ ಕೊನೆಗೂ ಸಿಕ್ಕಿತೆಂದು ಕಿವಿ ಅದನ್ನು ಅಪ್ಪಿಕೊಳ್ಳುತ್ತದೆ. ಆದರೆ ಅದು ಈಗ ಹೊಸ ನೆಲದ ಕಾಕಲಿ ನಿಷಾದ. ಅದನ್ನು ಸ ಎಂದು ನಂಬಿದವರಿಗೆ ಮುಂದಿನ ಸ್ವರ ‘ಶುದ್ಧ ರಿಷಭ’ ಎಂದು ಕೇಳಿಸುತ್ತದೆ. ಅಭ್ಯಾಸಬಲದಿಂದ ಅದನ್ನು ತುಸು ಇಳಿಸಿ ಅಲುಗಿಸುತ್ತಾರೆ, ಅಲ್ಲಿಂದ ಎಲ್ಲವೂ ಇಳಿಯುತ್ತ ಹೋಗುತ್ತದೆ. ನಿಮಗೆ ಆಗುತ್ತಿರುವುದು ಖಂಡಿತ ಇದೇ.

ಇದಕ್ಕೆ ಮದ್ದು: ಗಿಟಾರಿನಲ್ಲಿ ಜಿ ಫ್ಲ್ಯಾಟ್ ಮೇಜರ್ 7 ಒಂದನ್ನೇ ಮೀಟಿ, ಜಿ ಫ್ಲ್ಯಾಟ್ ಸ್ವರವನ್ನೇ ಸ ಎಂದು ಬಾಯಿಬಿಟ್ಟು ಹಾಡಿ. ಅಲ್ಲಿಂದ ಸ ನಿ ಸ, ಸ ನಿ ದ ನಿ ಎಂದು ಹತ್ತು ಸಲ. ಆಮೇಲೆ ಸ ಬಿಟ್ಟು ನೇರ ನಿ ಮೇಲೆ ನಿಲ್ಲಿ, ನಾಲ್ಕು ಎಣಿಕೆ, ಕಂಪನವಿಲ್ಲದೆ. ಈಗ ಹಿಂದಿನ ಭಾಗದ ಕೊನೆಯ ಪ (ಸಿ ಸ್ವರ) ಹಾಡಿ, ಒಂದು ಉಸಿರು ಬಿಟ್ಟು, ಕಾರ್ಡ್ ಬದಲಿಸಿ, ನಿ ಹಿಡಿಯಿರಿ. ಈ ಒಂದು ಸೇತುವೆಯನ್ನು ಮಾತ್ರ ದಿನಕ್ಕೆ ಹತ್ತು ನಿಮಿಷ ಅಭ್ಯಾಸ ಮಾಡಿ. ಪೂರ್ತಿ ಹಾಡನ್ನು ಮತ್ತೆ ಮತ್ತೆ ಹಾಡುವುದರಿಂದ ತಪ್ಪು ಗಟ್ಟಿಯಾಗುತ್ತದೆಯೇ ಹೊರತು ತಿದ್ದುವುದಿಲ್ಲ.

ನಡುವಿನ ಭಾಗದಲ್ಲಿ ಇದೇ ವಾಕ್ಯ ಮೂರು ಸಲ ಬರುತ್ತದೆ. ಎರಡನೆಯದು ಮೊದಲನೆಯದಕ್ಕಿಂತ ಮೂರು ಅರ್ಧಸ್ವರ ಮೇಲೆ, ಮೂರನೆಯದು ಅದಕ್ಕಿಂತ ಇನ್ನೊಂದು ಅರ್ಧಸ್ವರ ಮೇಲೆ. ಎರಡನೆಯದರ ನೆಲ ಎಫ್ ಶಾರ್ಪ್ ಮೈನರ್ 7, ಮೂರನೆಯದರದು ಜಿ ಮೈನರ್ 7. ಎರಡು ಕಡೆಯೂ ನೀಳ ಸ್ವರ ಆಯಾ ನೆಲದ ಚತುಶ್ರುತಿ ರಿಷಭ. ಹಾಗಾಗಿ ನೆನಪಿಡಬೇಕಾದ್ದು ನಿ, ರಿ, ರಿ ಇಷ್ಟೇ. ಪ್ರತಿ ನೆಲದಲ್ಲೂ ಮೊದಲು ಸ ಹಾಡಿ ಆಮೇಲೆ ಆ ಸ್ವರಕ್ಕೆ ಹೋಗುವ ಅಭ್ಯಾಸ ಮಾಡಿಕೊಂಡರೆ ಎರಡು ವಾರದಲ್ಲಿ ಹಿಡಿತ ಬರುತ್ತದೆ. ತಂಬೂರ ಅಥವಾ ಶ್ರುತಿಪೆಟ್ಟಿಗೆಯನ್ನು ಮಾತ್ರ ದಯವಿಟ್ಟು ನಿಲ್ಲಿಸಿ. ಸ-ಪ ನಾದ ಹಿಂದೆ ಇದ್ದರೆ ಈ ಭಾಗದ ಪ್ರತಿ ಕಾರ್ಡ್ ಅದರೊಡನೆ ಜಗಳ ಕಾಯುತ್ತದೆ, ಜಗಳದಲ್ಲಿ ಗೆಲ್ಲುವುದು ಶ್ರುತಿಪೆಟ್ಟಿಗೆ.

ಸಾಹಿತ್ಯದಲ್ಲೂ ಇಲ್ಲೇ ಬಾಗಿಲು ತೆರೆಯುವುದು. ಮೊದಲ ಭಾಗವೆಲ್ಲ ಅವಳ ನಡಿಗೆ, ಅವಳ ಮೈಬಣ್ಣ, ಕಡಲ ದಾರಿ. ನಡುವಿನ ಭಾಗದಲ್ಲಿ ನೋಡುವವನು ಮೊದಲ ಸಲ ತನ್ನ ಬಗ್ಗೆ ಮಾತಾಡುತ್ತಾನೆ: ನಾನೇಕೆ ಇಷ್ಟು ಒಂಟಿ, ಎಲ್ಲವೂ ಯಾಕಿಷ್ಟು ದುಃಖದ್ದು. ಕರಡಿನಿಂದ ತೆಗೆದುಹಾಕಿದ್ದ ಆ ದಣಿದ ಗಂಡಸು ಇವನೇ. ಅವನ ಬಾಯಿ ತೆರೆದ ಕ್ಷಣದಲ್ಲಿ ಷಡ್ಜ ಜರುಗುತ್ತದೆ, ಅವನ ಮಾತು ಹೊಸ ನೆಲದ ನಿ ಮೇಲೆ, ಸ ಮುಟ್ಟಲು ಅರ್ಧಸ್ವರ ಉಳಿದಿರುವಾಗ, ತೂಗುತ್ತದೆ. ನಿ ಮೇಲೆ ನಿಂತ ಕೊರಳಿನ ಹಂಬಲ ಏನೆಂದು ಕರ್ನಾಟಕ ಸಂಗೀತ ಕಲಿತವರಿಗೆ ವಿವರಿಸಬೇಕಿಲ್ಲ. ಗಿಂಬೆಲ್ ಅವರ ಇಂಗ್ಲಿಷ್ ಇಲ್ಲಿ ಬಡವಾಗುತ್ತದೆ. ಅಲ್ಲಿ ಅವಳು ಅವನನ್ನು ನೋಡುವುದಿಲ್ಲ, ಅಷ್ಟೆ. ಪೋರ್ಚುಗೀಸಿನಲ್ಲಿ ಆ ಚೆಲುವು ತನ್ನೊಬ್ಬನದಲ್ಲ, ಅದೂ ತನ್ನಂತೆಯೇ ಒಂಟಿಯಾಗಿ ಹಾದುಹೋಗುತ್ತದೆ ಅನ್ನುತ್ತಾನೆ; ಕೊನೆಯ ಭಾಗದಲ್ಲಿ, ಅವಳು ಹಾದುಹೋದಾಗ ಇಡೀ ಲೋಕ ಕೃಪೆಯಿಂದ ತುಂಬಿಕೊಳ್ಳುತ್ತದೆ, ಅದು ಅವಳಿಗೆ ತಿಳಿದಿದ್ದರೆ, ಅನ್ನುತ್ತಾನೆ. ಈ ‘ಕೃಪೆ ತುಂಬಿದ’ ಎಂಬ ಮಾತು ಹಾಡಿನ ಮೊದಲ ಸಾಲಿನಲ್ಲೂ ಇದೆ. ಮರಿಯಮ್ಮನವರಿಗೆ ಪೋರ್ಚುಗೀಸಿನಲ್ಲಿ ಹೇಳುವ ನಮೋ ಮರಿಯ ಜಪದಲ್ಲಿರುವ ಪದಗಳೇ ಅವು. ವಿನೀಸಿಯಸ್ ಬೀದಿಯ ಮಾತಿನೊಳಗೆ ಪ್ರಾರ್ಥನೆಯ ಮಾತನ್ನು ಸದ್ದಿಲ್ಲದೆ ಇಟ್ಟರು. ಸಾಧ್ಯವಾದರೆ ಪೋರ್ಚುಗೀಸಿನಲ್ಲೇ ಹಾಡಿ. ರಿಯೊದ ಉಚ್ಚಾರದಲ್ಲಿ ‘ದೆ’ ಎಂಬುದು ‘ಜಿ’ ಆಗುತ್ತದೆ, ಪದದ ಕೊನೆಯ ‘ಒ’ ಮೆತ್ತಗೆ ‘ಉ’ ಆಗುತ್ತದೆ. ಅನುನಾಸಿಕಗಳಿಗೆ ಮೂಗಿನಿಂದ ಬರುವ ಸ್ವರ ಸಾಕು, ಕೊನೆಗೆ ತುಟಿ ಮುಚ್ಚಿ ‘ಮ್’ ಸೇರಿಸಬೇಡಿ.

ಗಿಟಾರ್ ಹಿಡಿತಗಳು. ಆರು, ನಾಲ್ಕು, ಮೂರು, ಎರಡನೆಯ ತಂತಿಗಳನ್ನು ಮಾತ್ರ ಬಳಸಿ. ಐದು ಮತ್ತು ಒಂದನೆಯದು ಮೂಕವಾಗಿರಲಿ. ಆ ಕ್ರಮದಲ್ಲೇ ಫ್ರೆಟ್‌ಗಳನ್ನು ಹೇಳುತ್ತೇನೆ. ಎಫ್ ಮೇಜರ್ 7: 1-2-2-1. ಜಿ 7ಕ್ಕೆ 3-3-4-5 ಹಿಡಿದರೆ ಹಾಡಿನ ‘ನಿ’ ಮೇಲಿನ ತಂತಿಯಲ್ಲೇ ಸಿಗುತ್ತದೆ. ಜಿ ಮೈನರ್ 7: 3-3-3-3. ಜಿ ಫ್ಲ್ಯಾಟ್ 7: 2-2-3-1. ಈ ಕೊನೆಯದರಲ್ಲಿ ಎಚ್ಚರ ಬೇಕು. ಪುಸ್ತಕಗಳಲ್ಲಿರುವ ಮಾಮೂಲು ಹಿಡಿತ 2-2-3-2. ಅದರ ಎರಡನೆಯ ತಂತಿಯಲ್ಲಿ ಡಿ ಫ್ಲ್ಯಾಟ್ ಮೊಳಗುತ್ತದೆ, ನೀವು ಅದೇ ಹೊತ್ತಿಗೆ ಸಿ ಹಾಡುತ್ತಿರುತ್ತೀರಿ. ಎರಡೂ ಉಜ್ಜಿ ಕರ್ಕಶವಾಗುತ್ತದೆ, ಹಾಡುವವರು ತಮ್ಮ ಕೊರಳೇ ತಪ್ಪೆಂದುಕೊಳ್ಳುತ್ತಾರೆ. 1ನೆಯ ಫ್ರೆಟ್‌ಗೆ ಇಳಿಸಿದರೆ ಅಲ್ಲೂ ಸಿ ಬಂದು ಕೂತುಕೊಳ್ಳುತ್ತದೆ. ಜಿ ಮೈನರ್‌ನಿಂದ ಎಫ್‌ವರೆಗೆ ಬರುವಾಗ ಮಂದ್ರ ತಂತಿ ಅರ್ಧರ್ಧ ಸ್ವರ ಇಳಿಯುತ್ತದೆ, ಮೇಲಿನ ಬೆರಳುಗಳು ಹೆಚ್ಚು ಕದಲುವುದಿಲ್ಲ. ಈ ಇಳಿತ ಕೇಳಿಸಬೇಕು. ಇದೇ ಹಾಡಿನ ಸಹಿ.

ನಡುವಿನ ಭಾಗ: ಜಿ ಫ್ಲ್ಯಾಟ್ ಮೇಜರ್ 7 ಎರಡು ಆವರ್ತ, 2-3-3-2. ಮುಂದೆ ಬಿ 7 ಎರಡು ಆವರ್ತ. ಇದಕ್ಕೆ ಆರನೆಯ ತಂತಿ ಬಿಟ್ಟು ಐದು, ನಾಲ್ಕು, ಮೂರು, ಎರಡನೆಯದು: 2-1-2-2. ಎಫ್ ಶಾರ್ಪ್ ಮೈನರ್ 7 ಎರಡು, ಮತ್ತೆ ಆರನೆಯ ತಂತಿಯಿಂದ 2-2-2-2. ಡಿ 7 ಎರಡು, ಐದನೆಯ ತಂತಿಯಿಂದ 5-4-5-5. ಜಿ ಮೈನರ್ 7 ಎರಡು. ಇ ಫ್ಲ್ಯಾಟ್ 7 ಎರಡು, ಐದನೆಯ ತಂತಿಯಿಂದ 6-5-6-6. ಕೊನೆಯ ನಾಲ್ಕು ಆವರ್ತ ಒಂದೊಂದು ಕಾರ್ಡ್: ಎ ಮೈನರ್ 7 ಆರನೆಯ ತಂತಿಯಿಂದ 5-5-5-5, ಡಿ 7 ಐದನೆಯ ತಂತಿಯಿಂದ 5-4-5-4, ಜಿ ಮೈನರ್ 7, ಸಿ 7 ಐದನೆಯ ತಂತಿಯಿಂದ 3-2-3-2. ಅಲ್ಲಿಂದ ಮನೆಗೆ. ಈ ನಾಲ್ಕು ಆವರ್ತದಲ್ಲಿ ಧಾಟಿ ತಿಶ್ರಕ್ಕೆ ತಿರುಗುತ್ತದೆ, ಎರಡು ಬಡಿತದ ಜಾಗದಲ್ಲಿ ಮೂರು ಸ್ವರ. ಗಿಟಾರ್ ಚತುರಶ್ರದಲ್ಲೇ ಇರಬೇಕು. ನಡೆಭೇದ ಅಭ್ಯಾಸವಿರುವ ನಿಮಗೆ ಇದು ಬೇರೆಯವರಿಗಿಂತ ಬೇಗ ಕೈಗೆ ಬರುತ್ತದೆ.

ಈಗ ಬಲಗೈ. ಎರಡು ಆವರ್ತವನ್ನು ಸೇರಿಸಿ 16 ಎಣಿಕೆ ಇಟ್ಟುಕೊಳ್ಳಿ. ಹೆಬ್ಬೆರಳು 1, 5, 9, 13ಕ್ಕೆ ಮಂದ್ರ ತಂತಿ ಮೀಟಬೇಕು. ಇದು ಸಾಂಬಾ ಮೇಳದ ದೊಡ್ಡ ಡೋಲು ‘ಸುರ್ದು’ವಿನ ಜಾಗ, ಅದರಂತೆ 5 ಮತ್ತು 13 ತುಸು ಭಾರವಿರಲಿ. ಉಳಿದ ಮೂರು ಬೆರಳು ಮೂರು ತಂತಿಗಳನ್ನು ಒಟ್ಟಿಗೆ ಚಿವುಟಬೇಕು: 1, 4, 7, 11, 14. ಇದು ಕೈಯಳತೆಯ ಚಿಕ್ಕ ವಾದ್ಯ ‘ತಂಬೊರಿಂ’ನ ಪಾತ್ರ. ಜುವಾವ್ ಇದೊಂದೇ ನಡೆಯನ್ನು ಯಂತ್ರದಂತೆ ನುಡಿಸಿದವರಲ್ಲ, ಸಾಲಿಗೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸುತ್ತಿದ್ದರು. ಕಲಿಯಲು ಇದು ಸರಿಯಾದ ಚೌಕಟ್ಟು. ಮೆಟ್ರೊನೋಮ್ ಬಡಿತಕ್ಕೆ ನಾಲ್ಕು ಎಣಿಕೆಯಂತೆ 45ರಿಂದ ಶುರುಮಾಡಿ; ರೆಕಾರ್ಡಿನ ವೇಗ ಸುಮಾರು 65. ಮೊದಲು ಹೆಬ್ಬೆರಳು ಒಂದನ್ನೇ ನುಡಿಸುತ್ತ ಹಾಡಿ. ಅದು ತಾನಾಗಿ ನಡೆಯತೊಡಗಿದ ಮೇಲೆ ಬೆರಳು ಸೇರಿಸಿ.

ಸಾಮಾನ್ಯವಾಗಿ ಕೆಡುವುದು ಇಲ್ಲಿ. ಜಾಝ್ ಎಂದುಕೊಂಡು ಎಣಿಕೆಗಳನ್ನು ಉದ್ದ-ಗಿಡ್ಡ ಮಾಡಿ ಕುಣಿಸುತ್ತಾರೆ. ಬೊಸ್ಸಾ ನೋವಾದ 16 ಎಣಿಕೆಯೂ ಸಮ ಅಳತೆಯವು. ಹೆಬ್ಬೆರಳನ್ನು ಒಂದು ತಂತಿಯಿಂದ ಇನ್ನೊಂದಕ್ಕೆ ಹಾರಿಸಿ ಬ್ಯಾಂಡಿನ ಬಾಸ್‌ನಂತೆ ಢಂ ಢಂ ಅನ್ನಿಸುತ್ತಾರೆ. ಅದೇ ಸ್ವರವನ್ನು ಮೆಲ್ಲಗೆ ಮತ್ತೆ ಮೀಟಿದರೆ ಸಾಕು. ಕೀಬೋರ್ಡಿನಲ್ಲಿ ‘ಬೊಸ್ಸಾ’ ಬಟನ್ ಒತ್ತಿ ಹಾಡಿದರೆ ಹಾಡು ಹೋಟೆಲ್ ಲಾಬಿಯ ಹಿನ್ನೆಲೆಯಾಗುತ್ತದೆ. ಆ ಯಂತ್ರದ ತಾಳ ಎಂದೂ ಹಿಗ್ಗುವುದಿಲ್ಲ, ಕಾರ್ಡ್‌ಗಳ ಒಳಸ್ವರ ಕಾಣೆಯಾಗಿ ಧಾಟಿ ಒಂದೇ ಉಳಿಯುತ್ತದೆ. ಧಾಟಿ ಒಂದೇ ಉಳಿದರೆ ಈ ಹಾಡಿನಲ್ಲಿ ಬಹುಪಾಲು ಹೋದಂತೆ. ಇದನ್ನು ಲಿಫ್ಟ್ ಸಂಗೀತ ಎಂದು ಹಗುರವಾಗಿ ಕಾಣುವವರು ಕೇಳಿರುವುದು ಅಂಥ ರೂಪವನ್ನೇ ಎಂದು ನನ್ನ ಅನುಮಾನ.

ಕೊರಳಿನ ವಿಚಾರಕ್ಕೆ ಬಂದರೆ, ನಿಮ್ಮ ಗಮಕವನ್ನು ಇಲ್ಲಿ ಕಟ್ಟಿಡಬೇಕು. ರಿ, ನಿ, ದ ಮೂರೂ ಗೆರೆ ಎಳೆದಂತೆ ನೇರವಾಗಿರಲಿ. ಸ್ವರ ಅಲುಗಿದರೆ ಕೆಳಗಿನ ಕಾರ್ಡಿನೊಡನೆ ಅದು ಯಾವ ಸಂಬಂಧದಲ್ಲಿದೆ ಎಂಬುದೇ ಮಸುಕಾಗುತ್ತದೆ, ಆ ಸಂಬಂಧವೇ ಹಾಡು. ಆಸ್ಟ್ರೂಡ್ ಕೊರಳು ಇಷ್ಟು ಒಪ್ಪಿದ್ದೂ ಅದರ ನೇರತನದಿಂದ. 1967ರಲ್ಲಿ ಜೋಬಿಂ ಜೊತೆ ಇದನ್ನು ಹಾಡಿದ ಫ್ರಾಂಕ್ ಸಿನಾಟ್ರಾ ಅಂಥ ದೊಡ್ಡ ಕೊರಳನ್ನು ಎಷ್ಟು ಇಳಿಸಿಕೊಂಡರು ಎಂದು ಕೇಳಿ ನೋಡಿ. ಜುವಾವ್ ಅವರನ್ನು ಮಾತ್ರ ಬೇರೆ ಕಾರಣಕ್ಕೆ ಕೇಳಬೇಕು. ಗಿಟಾರ್ ಕದಲದೆ ನಡೆಯುತ್ತಿರುವಾಗ ಸಾಹಿತ್ಯವನ್ನು ಅವರು ಒಮ್ಮೆ ಬೇಗ, ಒಮ್ಮೆ ತಡವಾಗಿ ಇಡುತ್ತಾರೆ, ಅನಾಗತ-ಅತೀತಗಳ ಹಾಗೆ. ತಾಳ ಕೈಯಲ್ಲಿ ಗಟ್ಟಿಯಾಗುವ ಮೊದಲು ಇದನ್ನು ಅನುಕರಿಸಬೇಡಿ.

ಶ್ರುತಿಯನ್ನು ನಿಮ್ಮ ಕೊರಳಿಗೆ ತಕ್ಕಂತೆ ಆರಿಸಿಕೊಳ್ಳಿ. ಮೊದಲ ಭಾಗದ ತುದಿಯಲ್ಲಿರುವ ಕೆಳಗಿನ ಮ, ನಡುವಿನ ಭಾಗದ ಮೂರನೆಯ ವಾಕ್ಯದಲ್ಲಿ ಬರುವ ತಾರಸ್ಥಾಯಿಯ ಮ, ಎರಡೂ ಪಿಸುಮಾತಿನಷ್ಟು ಮೆಲ್ಲಗೆ ಹಾಡಲು ಬರಬೇಕು. ಮೇಲಿನದಕ್ಕೆ ಕೂಗಬೇಕಾಗಿ ಬಂದರೆ ಒಂದೋ ಎರಡೋ ಅರ್ಧಸ್ವರ ಇಳಿಸಿ. ಮೇಲೆ ಕೊಟ್ಟ ಹಿಡಿತಗಳಲ್ಲಿ ತೆರೆದ ತಂತಿ ಒಂದೂ ಇಲ್ಲದ್ದರಿಂದ ಆಕಾರ ಹಾಗೇ ಇರುತ್ತದೆ. ಎಫ್‌ಗಿಂತ ಕೆಳಗೆ ಬೇಕಾದರೆ ಫ್ರೆಟ್ ಸಾಲದು, ಗಿಟಾರಿನ ಎಲ್ಲ ತಂತಿಗಳನ್ನೂ ಅಷ್ಟೇ ಸಡಿಲಿಸಿ.

ಮುಗಿಸುವುದು ಹೀಗೆ: ಕೊನೆಯ ಸಾಲನ್ನು ಜಿ ಮೈನರ್ 7, ಜಿ ಫ್ಲ್ಯಾಟ್ 7, ಎಫ್ ಮೇಜರ್ 7ರ ಮೇಲೆ ಮೂರು ಸಲ ಹಾಡಿ, ಪ್ರತಿ ಸಲ ಇನ್ನಷ್ಟು ಮೆಲ್ಲಗೆ. ಮೂರನೆಯ ಸಲ ಪ ಮೇಲೆ ಬಂದಾಗ ಅಲ್ಲೇ ಬಿಡಿ. ಕಲಿತ ಅಭ್ಯಾಸ ನಿಮ್ಮನ್ನು ಸ ಕಡೆಗೆ ಎಳೆಯುತ್ತದೆ, ಇಳಿಯಬೇಡಿ.